ಓದಿಸಿದ ಪಾಠ, ಬಿಟ್ಟ ವಾಕ್ಯ

(ಕ್ರೋಂಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮಾರ್ಗಳಿ ತಿಂಗಳಲ್ಲಿ ಬೆಳಗಿನ ಜಾವ ಎದ್ದು ತಿರುಪ್ಪಾವೈ ಉಪನ್ಯಾಸಕ್ಕೆ ಹೋಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮೂವತ್ತು ದಿನಕ್ಕೆ ಮೂವತ್ತು ಪಾಶುರ. ಹನ್ನೊಂದನೆಯ ದಿನ ಹನ್ನೊಂದನೆಯದನ್ನೇ ಹೇಳಬೇಕು. ತುಪ್ಪ ಸುರಿಯುವ ಅಕ್ಕಾರವಡಿಸಲಿನ ಇಪ್ಪತ್ತೇಳನೆಯ ಪಾಶುರ ಎಷ್ಟೇ ಬಾಯಿ ನೀರೂರಿಸಿದರೂ ಉಪನ್ಯಾಸಕರು ಕಾಯಲೇಬೇಕು, ಕೇಳುವವರೂ ಕಾಯಬೇಕು. ಭಾನುವಾರ ಚರ್ಚಿನ ಪ್ರಸಂಗಪೀಠದಲ್ಲಿ ನಿಲ್ಲುವವರ ಪಾಡೂ ಬಹುಮಟ್ಟಿಗೆ ಇದೇ. ಕ್ರೈಸ್ತರಲ್ಲದ ಗೆಳೆಯರು ಅನೇಕರು, ಪಾದ್ರಿಗಳು ಆ ವಾರ ಮನಸ್ಸಿಗೆ ಬಂದದ್ದನ್ನು ಮಾತಾಡುತ್ತಾರೆ ಎಂದುಕೊಂಡಿದ್ದಾರೆ. ಹಾಗೆ ಮಾತಾಡುವವರೂ ಇಲ್ಲದಿಲ್ಲ. ಆದರೆ ಕಥೋಲಿಕರಲ್ಲಿ, ಸಿಎಸ್‌ಐಯಲ್ಲಿ (ದಕ್ಷಿಣ ಭಾರತ ಸಭೆಯಲ್ಲಿ), ಲೂಥರನ್ ಮತ್ತು ಮೆಥೊಡಿಸ್ಟ್ ಸಭೆಗಳಲ್ಲಿ ಯಾವ ಭಾನುವಾರ ಯಾವ ಪಾಠ ಓದಬೇಕು ಎಂಬುದಕ್ಕೆ ಪಟ್ಟಿ ಇದೆ. ಪ್ರಸಂಗ ಆ ಪಾಠದಿಂದ ಹುಟ್ಟಬೇಕು.

ಪ್ರಸಂಗಿಗೆ ಪಾಠ ಆರಿಸುವ ಸ್ವಾತಂತ್ರ್ಯ ಇಲ್ಲದಿರುವುದು ಕೇಳುವವರ ಭಾಗ್ಯ ಎಂಬುದು ನನ್ನ ವಾದ. ಹಾಗೆ ಪಟ್ಟಿಗೆ ಒಪ್ಪಿಸಿಕೊಂಡ ಮೇಲೆ, ಪಟ್ಟಿ ಮಾಡಿದವರ ಕತ್ತರಿ ಎಲ್ಲೆಲ್ಲಿ ಆಡಿದೆ ಎಂದು ನೋಡುವ ಹೊಣೆಯೂ ಕೇಳುವವರ ಮೇಲೇ ಬೀಳುತ್ತದೆ.

ಮೊದಲು ವರ್ಷದ ನಡಿಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಚರ್ಚಿನ ವರ್ಷ ಜನವರಿಯಲ್ಲಿ ಹುಟ್ಟುವುದಿಲ್ಲ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುವ ಭಾನುವಾರ ಅದರ ಮೊದಲ ದಿನ. ಅಲ್ಲಿಂದ ಕ್ರಿಸ್‌ಮಸ್‌ವರೆಗೆ ನಾಲ್ಕು ಭಾನುವಾರ ಆಗಮನ ಕಾಲ. ಬೂದಿ ಬುಧವಾರದಿಂದ, ನಡುವಿನ ಭಾನುವಾರಗಳನ್ನು ಬಿಟ್ಟು ಎಣಿಸಿದರೆ, 40 ದಿನ ತಪಸ್ಸು ಕಾಲ. ಗರಿಗಳ ಭಾನುವಾರ, ಶುಭ ಶುಕ್ರವಾರ, ಈಸ್ಟರ್; ಈಸ್ಟರ್‌ನಿಂದ 50ನೆಯ ದಿನ ಪಂಚಾಶತ್ತಮ. ಉಳಿದ ಅರ್ಧಕ್ಕೂ ಮಿಕ್ಕ ವರ್ಷ ಕಥೋಲಿಕರಿಗೆ ಸಾಧಾರಣ ಕಾಲ, 33 ಅಥವಾ 34 ವಾರ. ಇಷ್ಟಕ್ಕೆಲ್ಲ ಗೂಟ ಈಸ್ಟರ್, ಆ ಗೂಟವೇ ಅಲ್ಲಾಡುವಂಥದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 2038ರಲ್ಲಿ ಕೊನೆಯ ಅಂಚಿಗೆ, ಏಪ್ರಿಲ್ 25ಕ್ಕೇ ಬರುತ್ತದೆ. ಆ ವರ್ಷ ಚೆನ್ನೈಯಲ್ಲಿ ಉಪವಾಸ ಹಿಡಿಯುವವರು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಪಟ್ಟಿಯ ವಿರುದ್ಧ ಬಂಡೆದ್ದವರೂ ಇದ್ದರು. 1519ರ ಜನವರಿ 1ರಂದು ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ ಗೊತ್ತುಪಡಿಸಿದ ಪಾಠಗಳನ್ನು ಬದಿಗಿಟ್ಟು ಮತ್ತಾಯನ ಸುವಾರ್ತೆಯನ್ನು ಮೊದಲ ಅಧ್ಯಾಯದಿಂದ ಹಿಡಿದು ಬಿಡಿಸುತ್ತ ಹೋದ. ಕ್ಯಾಲ್ವಿನ್‌ನದು ಇನ್ನೂ ಗಟ್ಟಿ ಹಟ. 1538ರಲ್ಲಿ ಜಿನೀವಾ ಅವನನ್ನು ಊರು ಬಿಡಿಸಿತು. 1541ರಲ್ಲಿ ಮರಳಿ ಕರೆಸಿಕೊಂಡಾಗ ಅವನು ದೂರನ್ನೂ ಹೇಳಲಿಲ್ಲ, ಧನ್ಯವಾದವನ್ನೂ ಹೇಳಲಿಲ್ಲ. ಮೂರು ವರ್ಷದ ಹಿಂದೆ ನಿಲ್ಲಿಸಿದ್ದ ವಾಕ್ಯದಿಂದಲೇ ಪ್ರಸಂಗ ಮುಂದುವರಿಸಿದ. ಇವರಿಬ್ಬರೂ ಪಟ್ಟಿಯನ್ನು ಬಿಟ್ಟರೇ ಹೊರತು ತಮ್ಮ ಇಷ್ಟಕ್ಕೆ ಪಾಠ ಆರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಪುಸ್ತಕದ ಸಾಲೇ ಅವರಿಗೆ ಪಟ್ಟಿ. ಮುಂದಿನ ವಾಕ್ಯ ಎಷ್ಟೇ ಮುಜುಗರದ್ದಾದರೂ ಅದರಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಈಗ ಜಗತ್ತಿನ ಅನೇಕ ಚರ್ಚುಗಳಲ್ಲಿ ನಡೆಯುವ ಕ್ರಮ 1969ರದ್ದು. ಕಥೋಲಿಕರ 1570ರ ಪೂಜಾಗ್ರಂಥದಲ್ಲಿ ಪಾಠಗಳು ಒಂದೇ ವರ್ಷದ ಚಕ್ರದಲ್ಲಿ ತಿರುಗುತ್ತಿದ್ದವು. ಎರಡನೆಯ ವ್ಯಾಟಿಕನ್ ಮಹಾಸಭೆ, ಜನರಿಗೆ ಬೈಬಲನ್ನು ಇನ್ನಷ್ಟು ಧಾರಾಳವಾಗಿ ಬಡಿಸಬೇಕೆಂದು 1963ರಲ್ಲಿ ತೀರ್ಮಾನಿಸಿತು. ಆರು ವರ್ಷದಲ್ಲಿ ಮೂರು ವರ್ಷದ ಚಕ್ರ ಸಿದ್ಧವಾಯಿತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ ಉಳಿಯದಿದ್ದರೆ, ಹಿಂದಿನ ಇಸವಿಯ ಕೊನೆಗೆ ಆಗಮನ ಕಾಲದಿಂದ ಶುರುವಾದ ಆ ವರ್ಷ ಲೂಕನದು. ಯೋಹಾನನಿಗೆ ಸ್ವಂತ ವರ್ಷವಿಲ್ಲ. ತಪಸ್ಸು ಕಾಲ ಮತ್ತು ಈಸ್ಟರ್ ಕಾಲದಲ್ಲಿ ಅವನು ಹೆಚ್ಚಾಗಿ ಬರುತ್ತಾನೆ. ಮಾರ್ಕನದು ಚಿಕ್ಕ ಸುವಾರ್ತೆಯಾದ್ದರಿಂದ ಆ ವರ್ಷದ ನಡುವೆ ಐದು ಭಾನುವಾರ ಒಂದರ ಮೇಲೊಂದು ಯೋಹಾನನ ಆರನೆಯ ಅಧ್ಯಾಯ, ಅಂದರೆ ಜೀವದ ರೊಟ್ಟಿಯ ಮಾತು. ನಾಲ್ಕನೆಯ ವಾರಕ್ಕೆ ಬರುವಷ್ಟರಲ್ಲಿ ಪ್ರಬೋಧನೆ ಕೊಡುವ ಗುರುಗಳ ಮುಖ ನೋಡಿದರೆ ಪಾಪ ಅನ್ನಿಸುತ್ತದೆ. ಇದೇ ಚೌಕಟ್ಟನ್ನು ಇಟ್ಟುಕೊಂಡು ಪ್ರೊಟೆಸ್ಟೆಂಟ್ ಸಭೆಗಳು 1983ರಲ್ಲಿ ಒಂದು ಸಾಮಾನ್ಯ ಪಾಠಪಟ್ಟಿ ಮಾಡಿಕೊಂಡವು. 1992ರಲ್ಲಿ ಅದು ಪರಿಷ್ಕಾರವಾಯಿತು.

ಸಿಎಸ್‌ಐ ದಾರಿ ತುಸು ಬೇರೆ. ಅದು ಹುಟ್ಟಿದ್ದು ಇದೇ ಚೆನ್ನೈಯಲ್ಲಿ, 1947ರ ಸೆಪ್ಟೆಂಬರ್ 27ರಂದು, ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ. ಪ್ರಾರ್ಥನಾ ಪುಸ್ತಕ ಬಿಟ್ಟು ಕದಲದ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರಸಂಗಿಯ ಸ್ವಾತಂತ್ರ್ಯಕ್ಕೆ ಹೆಚ್ಚು ಬೆಲೆ ಕೊಡುವ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಮನೆತನದವರು, ಎಲ್ಲರೂ ಒಂದೇ ಸೂರಿನಡಿ ಬಂದರು. ಇಂಥ ಕೂಡುಕುಟುಂಬಕ್ಕೆ ಒಂದು ಪಟ್ಟಿ ಬೇಕೇ ಬೇಕಾಗಿತ್ತು. ಸಿಎಸ್‌ಐ ವರ್ಷವರ್ಷವೂ ಹೊರತರುವ ಅಲ್ಮನಾಕ್‌ನಲ್ಲಿ ಭಾನುವಾರಕ್ಕೊಂದು ವಿಷಯ, ಅದರ ಕೆಳಗೆ ಕೀರ್ತನೆ, ಹಳೆಯ ಒಡಂಬಡಿಕೆ, ಪತ್ರಿಕೆ, ಸುವಾರ್ತೆ ಇರುತ್ತವೆ. ಪರಿಸರ ಭಾನುವಾರ, ಶಿಕ್ಷಣ ಭಾನುವಾರ, ಮಹಿಳಾ ಭಾನುವಾರಗಳೂ ನಡುನಡುವೆ ಬರುತ್ತವೆ. ಬೆಂಗಳೂರಿನ ಕನ್ನಡ ಸಭೆಯಲ್ಲೂ ಧಾರವಾಡದಲ್ಲೂ ಮಂಗಳೂರಿನಲ್ಲೂ ಇಲ್ಲಿನ ತಮಿಳು ಸಭೆಯಲ್ಲೂ ಅಂದು ಅದೇ ವಿಷಯ. ಅಕ್ಕ ಹುಬ್ಬಳ್ಳಿಯಲ್ಲಿ, ತಂಗಿ ಕ್ರೋಂಪೇಟೆಯಲ್ಲಿ ಇದ್ದರೆ ಭಾನುವಾರ ಮಧ್ಯಾಹ್ನ ಫೋನಿನಲ್ಲಿ, “ನಿಮ್ಮ ಅಯ್ಯನವರು ಏನು ಹೇಳಿದರು?” ಎಂದು ತಾಳೆ ನೋಡಬಹುದು. ನೋಡುತ್ತಾರೆ ಕೂಡ. ಇಂಥ ತಾಳೆಯಲ್ಲಿ ನಪಾಸಾದ ಅಯ್ಯನವರು ಎಷ್ಟೋ ಮಂದಿ.

1969ರ ಮಾತು ಬಂದದ್ದರಿಂದ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ತಮಿಳುನಾಡಿನಲ್ಲಿ ಹುಟ್ಟಿದ ಡಿ. ಎಸ್. ಅಮಲೋರ್ಪವದಾಸ್ 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರವನ್ನು ಕಟ್ಟಿದರು. ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮ, ಆರತಿ, ಎಣ್ಣೆ ದೀಪ ಮೊದಲಾದ ಹನ್ನೆರಡು ಅಂಶಗಳಿಗೆ ಕಥೋಲಿಕರ ಪೂಜೆಯಲ್ಲಿ 1969ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದರ ಹಿಂದೆ ಅವರ ದುಡಿಮೆ ಇತ್ತು. ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ನೆಲೆ ಒದಗಿಸಿದರು, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆರತಿಯ ಬಗ್ಗೆ ಗಲಾಟೆಯಾದಷ್ಟು ಪಾಠಪಟ್ಟಿಯ ಬಗ್ಗೆ ಆಗಲಿಲ್ಲ. ಕಣ್ಣಿಗೆ ಕಾಣುವುದರ ಮೇಲೆ ಜಗಳವಾಡುವುದು ಸುಲಭ. ಯಾವ ಪಾಠ ಓದಲಿಲ್ಲ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಋತುಗಳ ವಿಚಾರದಲ್ಲಿ ನಮ್ಮ ಪ್ರಸಂಗಗಳು ಬಹಳ ಕಾಲ ಯುರೋಪಿನ ಕಂಬಳಿ ಹೊದ್ದಿದ್ದವು. ಆಗಮನ ಕಾಲವೆಂದರೆ ಹಿಮ, ಕತ್ತಲೆ, ಮೇಣದ ಬತ್ತಿ. ಕನ್ನಡನಾಡಿನಲ್ಲಿ ಅದು ರಾಗಿ ಕೊಯ್ಲಿನ ಕಾಲ, ಚೆನ್ನೈಯಲ್ಲಿ ಹಿಂಗಾರು ಮಳೆಯ ಬಾಲ. ಈಸ್ಟರಿನ ಚಿಗುರು ಮಾತ್ರ ನಮಗೂ ಹೊಂದುತ್ತದೆ. ಯುಗಾದಿಯ ಹಿಂದೆಮುಂದೆ ಹೊಂಗೆ, ಬೇವು ಹೂಬಿಟ್ಟಿರುತ್ತವೆ. ಕನ್ನಡದ ನೆಲವನ್ನು ಬಲ್ಲ ಪ್ರಸಂಗಿಗಳೂ ಇದ್ದರು. ಬಾಸೆಲ್ ಮಿಷನ್ ಸಭೆಯ ಪಾದ್ರಿ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ವಾರವೆಲ್ಲ ಸರ್ವಜ್ಞನ ಬೆನ್ನುಹತ್ತಿದವರು ಭಾನುವಾರ ಜರ್ಮನಿಯ ಹಿಮವನ್ನು ಕರಗಿಸುತ್ತ ನಿಂತಿರಲಾರರು ಎಂಬುದು ನನ್ನ ಊಹೆ.

ಇನ್ನು ನಿಮ್ಮ ಊರಿಗೇ ಬರೋಣ. 2015ರ ನವೆಂಬರ್ 29 ಆಗಮನ ಕಾಲದ ಮೊದಲ ಭಾನುವಾರ, ಲೂಕನ ವರ್ಷದ ಮೊದಲ ದಿನ. ಮೂರು ವರ್ಷದ ಪಟ್ಟಿ ಹಿಡಿದ ಚರ್ಚುಗಳಲ್ಲಿ ಅಂದು ಲೂಕನ 21ನೆಯ ಅಧ್ಯಾಯ. ಸಮುದ್ರ ಮತ್ತು ತೆರೆಗಳ ಭೋರ್ಗರೆತಕ್ಕೆ ಜನಾಂಗಗಳು ದಿಕ್ಕೆಡುವ ಮಾತು ಅಲ್ಲಿದೆ. ಮಂಗಳವಾರ, ಡಿಸೆಂಬರ್ 1ಕ್ಕೆ, ಮಳೆ ಹಿಡಿಯಿತು. ತಾಂಬರಂನಲ್ಲಿ 24 ಗಂಟೆಗಳಲ್ಲಿ 49 ಸೆಂಟಿಮೀಟರ್. ಅಡ್ಯಾರು ನದಿ ಉಕ್ಕಿತು, ಮೀನಂಬಾಕಂ ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತು. ಮುಡಿಚೂರಿನಲ್ಲಿ ಜನ ಮಹಡಿ ಸೇರಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಡಿಸೆಂಬರ್ 6ರ ಭಾನುವಾರ ಪಟ್ಟಿಯಲ್ಲಿದ್ದದ್ದು ಲೂಕನ ಮೂರನೆಯ ಅಧ್ಯಾಯ: ತಗ್ಗುಗಳು ತುಂಬಿ ಬೆಟ್ಟಗಳು ತಗ್ಗುವ ಚಿತ್ರ. ತಗ್ಗು ತುಂಬುವುದೆಂದರೇನು ಎಂದು ಆ ವಾರ ಚೆನ್ನೈಯಲ್ಲಿ ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

ಇದನ್ನು ಭವಿಷ್ಯವಾಣಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಪಾಠ 2012ರಲ್ಲೂ 2018ರಲ್ಲೂ ಬಂತು, ಏನೂ ಆಗಲಿಲ್ಲ. ನನಗೆ ಮುಖ್ಯವಾದದ್ದು ಇದು: ಪಟ್ಟಿ ಮಾಡಿದವರಿಗೆ ಚೆನ್ನೈಯ ಮಳೆ ಗೊತ್ತಿರಲಿಲ್ಲವಾದ್ದರಿಂದಲೇ ಆ ಪಾಠಕ್ಕೆ ಬೆಲೆ. ನೆರೆ ಬಂದ ಮೇಲೆ ಪ್ರಸಂಗಿಯೇ ಹುಡುಕಿ ತಂದಿದ್ದರೆ ಅದು ಸಮಾಧಾನದ ಮಾತಾಗುತ್ತಿತ್ತು, ಇಲ್ಲವೇ ಬೈಗುಳವಾಗುತ್ತಿತ್ತು.

2004ರ ಡಿಸೆಂಬರ್ 26 ಇನ್ನೂ ಕಷ್ಟದ ದಿನ. ಅಂದು ಭಾನುವಾರ. ಸುನಾಮಿ ಈ ಕರಾವಳಿಗೆ ಅಪ್ಪಳಿಸಿದ್ದು ಬೆಳಗಿನ ಆರಾಧನೆಯ ಹೊತ್ತಿನಲ್ಲಿ. ವೇಳಾಂಗಣ್ಣಿಯ ಕಡಲ ದಂಡೆಯಲ್ಲಿದ್ದ ಯಾತ್ರಿಕರು ಎಷ್ಟೋ ಜನ ಹಿಂದಿರುಗಲಿಲ್ಲ. 1992ರ ಪ್ರೊಟೆಸ್ಟೆಂಟ್ ಪಟ್ಟಿಯಲ್ಲಿ ಅಂದಿನ ಸುವಾರ್ತೆ ಮತ್ತಾಯನ ಎರಡನೆಯ ಅಧ್ಯಾಯ, 13ರಿಂದ 23ನೆಯ ವಾಕ್ಯದವರೆಗೆ: ಐಗುಪ್ತಕ್ಕೆ ಓಡಿಹೋದದ್ದು, ಹೆರೋದ ಕೂಸುಗಳನ್ನು ಕೊಲ್ಲಿಸಿದ್ದು, ಸಮಾಧಾನ ಬೇಡವೆಂದು ರಾಹೇಲಳು ಮಕ್ಕಳಿಗಾಗಿ ಅತ್ತದ್ದು. ಕಥೋಲಿಕರಿಗೆ ಅದು ಪವಿತ್ರ ಕುಟುಂಬದ ಹಬ್ಬ, ಪಾಠವೂ ಅದೇ ಅಧ್ಯಾಯದ್ದೇ. ಆದರೆ 13ರಿಂದ 15, ಅಲ್ಲಿಂದ ನೇರವಾಗಿ 19ಕ್ಕೆ ಜಿಗಿತ. ಕೂಸುಗಳ ಕೊಲೆಗೆ ಡಿಸೆಂಬರ್ 28ರ ಹಬ್ಬ ಬೇರೆಯಾಗಿ ಇದೆ, ಅದಕ್ಕೇ ಬಿಟ್ಟರು ಎನ್ನಬಹುದು, ಸಮಂಜಸ ಉತ್ತರವೇ. ಆದರೂ ಆ ಭಾನುವಾರದ ಮಟ್ಟಿಗೆ, ಅಳುವ ತಾಯಿಯನ್ನು ಹಾರಿಸಿ ಸುಖವಾಗಿ ಮನೆಗೆ ಮರಳಿದ ಕುಟುಂಬವನ್ನಷ್ಟೇ ಓದಿದಂತಾಯಿತು.

ಕತ್ತರಿಯ ಮಾತು ಶುರುವಾಯಿತು, ಮುಂದುವರಿಸುತ್ತೇನೆ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಬರುತ್ತಾರೆ. ಗಂಡು ಕೂಸುಗಳನ್ನು ಕೊಲ್ಲಿ ಎಂಬ ಫರೋಹನ ಅಪ್ಪಣೆಯನ್ನು ಮೀರಿ, ಕೇಳಿದಾಗ ಚಾಲಾಕಿ ಉತ್ತರ ಕೊಟ್ಟು ಪಾರಾಗುತ್ತಾರೆ. ಕಥೋಲಿಕರ ವಾರದ ದಿನಗಳ ಪಟ್ಟಿಯಲ್ಲಿ ಈ ಅಧ್ಯಾಯ ಬಂದಾಗ 8ರಿಂದ 14 ಓದಿ 22ಕ್ಕೆ ಹೋಗುತ್ತಾರೆ. ಸೂಲಗಿತ್ತಿಯರು ಇರುವುದು ಸರಿಯಾಗಿ ನಡುವೆ. ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಮೊದಲೆರಡು ವಾಕ್ಯಗಳು ಫೊಯಿಬೆ ಎಂಬ ಸಭಾಸೇವಕಿಯದು. ಪಾಠ ಮೂರನೆಯ ವಾಕ್ಯದಿಂದ ಶುರು. ಹದಿನೆಂಟು ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಯೇಸು ಸಬ್ಬತ್ ದಿನವೇ ನೆಟ್ಟಗೆ ನಿಲ್ಲಿಸುವ ಲೂಕನ ಕಥೆ ಅವರ ಭಾನುವಾರಗಳಲ್ಲಿ ಬರುವುದೇ ಇಲ್ಲ, ಒಂದು ಸೋಮವಾರಕ್ಕೆ ಹೋಗಿ ಕೂತಿದೆ. ಪ್ರೊಟೆಸ್ಟೆಂಟ್ ಪಟ್ಟಿ ಅವಳನ್ನು ಭಾನುವಾರಕ್ಕೆ ಕರೆತಂದಿತು. ಬಾವಿಕಟ್ಟೆ, ಗದ್ದೆ, ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಬಾಗಿಬಾಗಿ ಬೆನ್ನು ಹೋದ ಹೆಂಗಸರು ಚರ್ಚಿಗೆ ಬರುವುದು ಸೋಮವಾರವಲ್ಲ.

ಹಾಗಾದರೆ ಪಟ್ಟಿಯೇ ಬೇಡ, ಪ್ರಸಂಗಿಗೇ ಬಿಡೋಣ ಎನ್ನುತ್ತೀರಾ? ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಹೋಗಿ ನೋಡಿ. ಇಲ್ಲಿನ ತಮಿಳು ಸಭೆಗಳಲ್ಲಿ, ಬೆಂಗಳೂರಿನ ಕನ್ನಡ ಸಭೆಗಳಲ್ಲೂ, ಹೊಸ ವರ್ಷದ ವಾಗ್ದಾನದ ವಾಕ್ಯ ಹಂಚುತ್ತಾರೆ. ಬಣ್ಣದ ಕಾರ್ಡು, ಗುಲಾಬಿ ಹೂವಿನ ಅಂಚು, ಒಳಗೆ ಒಂದು ವಾಕ್ಯ. ತಟ್ಟೆಯಲ್ಲಿ ಬೋರಲು ಹಾಕಿಟ್ಟದ್ದರಲ್ಲಿ ಕಣ್ಣುಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಬರುವುದು ಯಾವುದು? ಆಶೀರ್ವಾದ, ಬಿಡುಗಡೆ, ತಲೆಯಾಗುವೆ, ಬಾಲವಾಗಲಾರೆ. ಯೆರೆಮೀಯನ ಗೋಳು, ಯೋಬನ ಜಗಳ, ಆಮೋಸನು ಸುಳ್ಳು ತಕ್ಕಡಿಯ ವ್ಯಾಪಾರಿಗಳಿಗೆ ಹಾಕಿದ ಛೀಮಾರಿ ಯಾರ ಕಾರ್ಡಿನಲ್ಲೂ ಬಂದದ್ದನ್ನು ನಾನು ಕಂಡಿಲ್ಲ. ಆರಿಸುವ ಕೈ ಸಿಹಿಯನ್ನೇ ಆರಿಸುತ್ತದೆ. ಪಟ್ಟಿಯ ಕತ್ತರಿ ಎಷ್ಟೇ ಆಡಿದರೂ ಅದು ಆಮೋಸನನ್ನು ಲೂಕನ ವರ್ಷದಲ್ಲಿ ತಂದು ಎದುರಿಗೆ ನಿಲ್ಲಿಸುತ್ತದೆ. ಊರಿನ ದೊಡ್ಡ ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತಿದ್ದರೂ ಓದಲೇಬೇಕು, “ಪಟ್ಟಿಯಲ್ಲಿದೆ ಅಣ್ಣಾ, ನಾನೇನು ಮಾಡಲಿ” ಎಂದು ಅಯ್ಯನವರು ಆಮೇಲೆ ಕೈ ತೊಳೆದುಕೊಳ್ಳಬಹುದು. ಈ ನೆಪ ಸಣ್ಣದಲ್ಲ. ಎಷ್ಟೋ ಸತ್ಯಗಳು ಇಂಥ ನೆಪದ ಮರೆಯಲ್ಲೇ ಪ್ರಸಂಗಪೀಠ ಏರಿವೆ.

ಕೆಲವು ಭಾನುವಾರಗಳನ್ನು ಪಟ್ಟಿ ಈ ಊರಿಗಾಗಿಯೇ ಇಟ್ಟಂತೆ ಕಾಣುತ್ತದೆ. ಈಸ್ಟರಿನ ನಂತರದ ಭಾನುವಾರ ಮೂರು ವರ್ಷವೂ ಒಂದೇ ಸುವಾರ್ತೆ: ಗಾಯಕ್ಕೆ ಬೆರಳಿಡದೆ ನಂಬೆನೆಂದ ತೋಮನದು. ಇಲ್ಲಿಂದ ಲೋಕಲ್ ರೈಲು ಹತ್ತಿದರೆ ಐದನೆಯ ನಿಲ್ದಾಣ ಪರಂಗಿಮಲೈ. ತೋಮ ಅಲ್ಲಿ ಹತನಾದನೆಂದು ನಂಬಿಕೆ. ಬೆಟ್ಟದ ಮೇಲೆ ಪೋರ್ಚುಗೀಸರು ಕಟ್ಟಿದ ಚರ್ಚು, ಒಳಗೆ ಪಹ್ಲವಿ ಬರಹದ ಕಲ್ಲಿನ ಶಿಲುಬೆ. ಆದ್ದರಿಂದ ಚೆನ್ನೈಯಲ್ಲಿ ಆ ಭಾನುವಾರದ ಪ್ರಸಂಗ ಹೆಚ್ಚಾಗಿ ಊರಿನ ಹೆಮ್ಮೆಯ ಕಡೆಗೆ ಜಾರುತ್ತದೆ. ಕಥೋಲಿಕರಲ್ಲಿ 2000ನೆಯ ಇಸವಿಯಿಂದ ಅದೇ ದಿನ ದೈವಿಕ ಕರುಣೆಯ ಭಾನುವಾರವೂ ಆಗಿ ತೋಮನಿಗೆ ಜಾಗ ಇನ್ನಷ್ಟು ಇಕ್ಕಟ್ಟಾಗಿದೆ. ಸಂಶಯ ಪಡುವವರ ಪರವಾಗಿ ಮಾತಾಡಲು ವರ್ಷಕ್ಕೆ ಇರುವುದು ಒಂದೇ ಭಾನುವಾರ. ಅದನ್ನೂ ಸ್ಥಳಪುರಾಣಕ್ಕೆ ಕೊಟ್ಟುಬಿಟ್ಟರೆ ಹೇಗೆ?

ಕ್ರೋಂಪೇಟೆಗೆ ತೋಮನಿಗಿಂತ ಹತ್ತಿರದ ಸಂಬಂಧಿ ಒಬ್ಬನಿದ್ದಾನೆ. ಅವನ ಹೆಸರು ಸೀಮೋನ, ಯೊಪ್ಪ ಪಟ್ಟಣದವನು, ಸಮುದ್ರದ ಬದಿಯಲ್ಲಿ ಮನೆ, ಚರ್ಮ ಹದಮಾಡುವ ಕಸುಬು. ಈ ಊರಿಗೆ ಹೆಸರು ಕೊಟ್ಟ ಕ್ರೋಮ್ ಲೆದರ್ ಕಂಪನಿಯನ್ನು ಜಿ. ಎ. ಚೇಂಬರ್ಸ್ 1912ರಲ್ಲಿ ಸ್ಥಾಪಿಸಿದರು. ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ನಡೆಸಿದ್ದ ಆಲ್ಫ್ರೆಡ್ ಚಾಟರ್ಟನ್ ಅದೇ ವರ್ಷ ಮೈಸೂರಿಗೆ ಹೋಗಿ ಅಲ್ಲಿನ ಕೈಗಾರಿಕಾ ನಿರ್ದೇಶಕರಾದರು; ಕನ್ನಡಿಗರಾದ ನಮಗೆ ಈ ಊರಿನೊಡನೆ ಇರುವ ನಂಟುಗಳಲ್ಲಿ ಇದೂ ಒಂದು. ಆವರಿಕೆ ತೊಗಟೆಯ ಹದಕ್ಕೆ ವಾರಗಳು ಹಿಡಿಯುತ್ತಿದ್ದವು, ಕ್ರೋಮ್ ಹದಕ್ಕೆ ದಿನಗಳು ಸಾಕು. ಕೆಲಸ ಬೇಗ ಆಯಿತು, ಲಾಭವೂ ಬಂತು. ಪಕ್ಕದ ನಾಗಲ್ಕೇಣಿಯ ಅಂತರ್ಜಲ ಹಾಳಾಯಿತು. 1996ರ ಆಗಸ್ಟ್ 28ರಂದು ತಮಿಳುನಾಡಿನ ಚರ್ಮ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದವರೇ ಬೆಲೆ ತೆರಬೇಕು ಎಂದು ತೀರ್ಪು ಕೊಟ್ಟಿತು. ಪರಿಸರ ಭಾನುವಾರಕ್ಕೆ ಅಮೆಜಾನಿನವರೆಗೆ ಹೋಗುವ ಪ್ರಸಂಗಿಗಳು ನಾಗಲ್ಕೇಣಿಯವರೆಗೆ ನಡೆದರೆ ಸಾಕು.

ಸೀಮೋನನ ಕಥೆ ಚಿಕ್ಕದು. ಪೇತ್ರ ಯೊಪ್ಪಕ್ಕೆ ಬಂದು, ತೀರಿಕೊಂಡಿದ್ದ ದೊರ್ಕಳನ್ನು ಎಬ್ಬಿಸುತ್ತಾನೆ. ಬಡ ವಿಧವೆಯರಿಗೆ ಅಂಗಿ ಹೊಲಿದು ಕೊಡುತ್ತಿದ್ದವಳು ಅವಳು. ಅದಾದ ಮೇಲೆ ಬಹಳ ದಿನ ಪೇತ್ರ ಇಳಿದುಕೊಂಡದ್ದು ಈ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ಚರ್ಮ ಮುಟ್ಟುವವನ ಮನೆ, ಯೆಹೂದ್ಯ ಕಟ್ಟಳೆಯಲ್ಲಿ ಮೈಲಿಗೆಯ ಮನೆ, ವಾಸನೆಯ ಮನೆ. ಆ ಮನೆಯ ಮಾಳಿಗೆಯ ಮೇಲೆ ಪ್ರಾರ್ಥಿಸುವಾಗಲೇ ಪೇತ್ರನಿಗೆ ದರ್ಶನವಾಗುತ್ತದೆ. ದೇವರು ಶುದ್ಧ ಮಾಡಿದ್ದನ್ನು ಮೈಲಿಗೆ ಎನ್ನಬಾರದೆಂದು ತಿಳಿಯುತ್ತದೆ. ಅಲ್ಲಿಂದ ಹೊರಟು ಪರಜನಾಂಗದ ಕೊರ್ನೇಲ್ಯನ ಹೊಸ್ತಿಲು ದಾಟುತ್ತಾನೆ. ಯೆಹೂದ್ಯರ ಒಂದು ಪಂಗಡ ಲೋಕದ ಸಭೆಯಾಗಿ ತಿರುಗಿದ್ದು ಅಲ್ಲಿ. ಮಾಳಿಗೆಯ ದರ್ಶನದ ಮೇಲೆ ಸಾವಿರ ಪ್ರಸಂಗ ಆಗಿವೆ. ಕೆಳಗೆ ಅಂಗಳದಲ್ಲಿ ಚರ್ಮ ನೆನೆಹಾಕಿದ್ದ ತೊಟ್ಟಿಗಳ ಮೇಲೆ ಎಷ್ಟು ಆಗಿವೆ? ದರ್ಶನಕ್ಕೆ ಮೊದಲೇ ಪೇತ್ರ ಅರ್ಧ ದಾರಿ ದಾಟಿದ್ದ, ದಾಟಿಸಿದವನು ಉಣಬಡಿಸಿದ ಸೀಮೋನ ಎಂದು ನಾನು ಓದುತ್ತೇನೆ.

ಈಗ ಪಟ್ಟಿ ನೋಡಿ. ಸೀಮೋನ ಮೊದಲು ಬರುವುದು ಅಪೊಸ್ತಲರ ಕೃತ್ಯಗಳು 9ನೆಯ ಅಧ್ಯಾಯದ 43ನೆಯ ವಾಕ್ಯದಲ್ಲಿ, ಅಧ್ಯಾಯದ ಕಟ್ಟಕಡೆಯ ವಾಕ್ಯ ಅದು. ಕಥೋಲಿಕರಲ್ಲಿ ದೊರ್ಕಳ ಕಥೆ ಈಸ್ಟರಿನ ಮೂರನೆಯ ವಾರದ ಶನಿವಾರ ಬರುತ್ತದೆ, 31ರಿಂದ 42ರವರೆಗೆ. ಒಂದು ವಾಕ್ಯ ಮುಂಚೆ ಪುಸ್ತಕ ಮುಚ್ಚುತ್ತಾರೆ. ಕೊರ್ನೇಲ್ಯನ ಮನೆಯ ಪೇತ್ರನ ಉಪದೇಶ ಪ್ರತಿ ಈಸ್ಟರ್ ದಿನವೂ ಓದಲಾಗುತ್ತದೆ, ಅದು ಶುರುವಾಗುವುದು ಸೀಮೋನನ ಮನೆ ಬಿಟ್ಟ ಮೇಲೆ. ಬೇಕೆಂದೇ ಬಿಟ್ಟರೆಂದು ನಾನು ಆರೋಪ ಮಾಡುವುದಿಲ್ಲ. ರೋಮಿನಲ್ಲಿ ಕೂತವರಿಗೆ ಅದು ಬರೀ ವಿಳಾಸವಾಗಿ ಕಂಡಿರಬೇಕು. ಚರ್ಮ ಮುಟ್ಟಿದವರನ್ನು ಊರಾಚೆ ಇಟ್ಟ ನಾಡಿನಲ್ಲಿ ಅದು ಬರೀ ವಿಳಾಸವಲ್ಲ. ನವೆಂಬರ್ ಎರಡನೆಯ ಭಾನುವಾರವನ್ನು ಭಾರತದ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಸಭೆಗಳು ದಲಿತ ವಿಮೋಚನಾ ಭಾನುವಾರವೆಂದು ಆಚರಿಸುತ್ತವೆ. ಒಳ್ಳೆಯದೇ. ಆದರೆ ಆ ದಿನಕ್ಕೆಂದು ಹೊಸ ಪಾಠ ಹುಡುಕುವ ಮುನ್ನ, ಹಳೆಯ ಪಾಠಕ್ಕೆ ತಪ್ಪಿಹೋದ ಒಂದು ವಾಕ್ಯವನ್ನು ಸೇರಿಸಿದರೆ ಪುನರುತ್ಥಾನದ ಕಾಲದ ನಟ್ಟನಡುವೆಯೇ, ಯಾವ ವಿಶೇಷ ಭಾನುವಾರದ ಹಂಗಿಲ್ಲದೆ, ಅದೇ ಮಾತು ಬರುತ್ತದೆ. ವಿಶೇಷ ಭಾನುವಾರ ಬೇಡ ಎನ್ನುವವರು ಊರಿಗೊಬ್ಬರಂತೆ ಇದ್ದಾರೆ. ಅವರಿಗೂ ಇದಕ್ಕೆ ತಕರಾರು ಎತ್ತಲು ಬರುವುದಿಲ್ಲ.

1992ರ ಪಟ್ಟಿ ಮಾಡಿದವರು ಆ ವಾಕ್ಯವನ್ನು ಉಳಿಸಿಕೊಂಡರು. ಅದರಲ್ಲಿ ಲೂಕನ ವರ್ಷದ ಈಸ್ಟರ್ ಕಾಲದ ನಾಲ್ಕನೆಯ ಭಾನುವಾರಕ್ಕೆ 36ರಿಂದ 43ರವರೆಗೆ ಪಾಠವಿದೆ. 2025ರ ಮೇ 11ರಂದು ಅದು ಬಂದುಹೋಯಿತು. ಮುಂದಿನ ಸಲ 2028ರ ಮೇ 7ಕ್ಕೆ. ಬೇರೆ ಪಟ್ಟಿ ಹಿಡಿದ ಸಭೆಗಳಲ್ಲೂ ಒಂದು ವಾಕ್ಯ ಹೆಚ್ಚು ಓದಬಾರದೆಂದು ಯಾವ ಮೇತ್ರಾಣಿಗಳೂ ತಡೆಯಲಾರರು. ಈ ಸಭೆಯಲ್ಲಿ ಪಾಠ ಓದುವ ಸರದಿಯವರು ಯಾರಾದರೂ ಇದ್ದರೆ ಈಗಲೇ ತಾರೀಖು ಬರೆದಿಟ್ಟುಕೊಳ್ಳಿ, ಅಂದು 42ಕ್ಕೆ ನಿಲ್ಲಿಸಬೇಡಿ.